ರಾಮಾಪುರದ ನಡುವಿನ ತಂತಿ

ಕೃಷ್ಣರಾಜಸಾಗರ, ಕಬಿನಿ ತುಂಬಿ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ಮರುದಿನವೇ ಶಿವನಸಮುದ್ರಕ್ಕೆ ಜನ ಹೊರಟುಬಿಡುತ್ತಾರೆ. ಇಲ್ಲಿ ಕಾವೇರಿ ಎರಡಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಿಟ್ಟು, ಒಂದು ಕವಲಿನಲ್ಲಿ ಗಗನಚುಕ್ಕಿಯಾಗಿ, ಇನ್ನೊಂದರಲ್ಲಿ ಭರಚುಕ್ಕಿಯಾಗಿ ಧುಮುಕುತ್ತಾಳೆ. ಬಂದವರು ನೀರು ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಕಡಲೆಕಾಯಿ ತಿನ್ನುತ್ತಾರೆ, ಮಧ್ಯರಂಗನಿಗೆ ಕೈಮುಗಿದು ಹಿಂತಿರುಗುತ್ತಾರೆ. ಗಗನಚುಕ್ಕಿಯ ಮಗ್ಗುಲಲ್ಲಿ ಬೆಟ್ಟದ ಇಳಿಜಾರಿಗೆ ಒರಗಿಕೊಂಡಿರುವ ದಪ್ಪ ಕೊಳವೆಗಳನ್ನೂ ಅವು ಹೋಗಿ ಸೇರುವ ಕಟ್ಟಡವನ್ನೂ ನಿಂತು ನೋಡುವವರು ಕಡಮೆ. ಮಕ್ಕಳನ್ನು ಕರೆದೊಯ್ದ ತಂದೆತಾಯಂದಿರು ಮೊದಲು ತೋರಿಸಬೇಕಾದದ್ದು ಅದನ್ನೇ.

ಆ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದ್ದು 1902ರಲ್ಲಿ. ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಚಿಗುರಿದ ಯೋಜನೆ ಅದು. ಇಂದು ಕೇಂದ್ರಕ್ಕೆ ಅವರದೇ ಹೆಸರು. ಇಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತೇ ಹುಬ್ಬೇರಿಸಿದ ದೂರ. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ತಂತಿ ಹಾದುಹೋದ ಹಾದಿಯ ಹಳ್ಳಿಗಳಲ್ಲಿ ಮಾತ್ರ ಸೀಮೆಎಣ್ಣೆಯ ಬುಡ್ಡಿ, ಹರಳೆಣ್ಣೆಯ ಹಣತೆಗಳೇ ಮುಂದುವರಿದವು. ಇನ್ನು ಹೊಳೆಯ ಆಚೆ ದಡದ ಕೊಳ್ಳೇಗಾಲವಂತೂ ಆಗ ಮೈಸೂರಿಗೇ ಸೇರಿರಲಿಲ್ಲ. ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರಿನಲ್ಲಿ. ಜಲಪಾತದ ಸದ್ದು ಕೇಳುವಷ್ಟು ಹತ್ತಿರ, ಕರೆಂಟಿಗೆ ಮಾತ್ರ ಬಲು ದೂರ!

ಕೊಳ್ಳೇಗಾಲದಿಂದ ಹನೂರಿನ ರಸ್ತೆ ಹಿಡಿದರೆ ರೇಷ್ಮೆಯ ಊರು ಹಿಂದೆ ಸರಿದು ಕಾಮಗೆರೆ ಬರುತ್ತದೆ. ಶಿವರಾತ್ರಿ ಹತ್ತಿರವಾದರೆ ಈ ದಾರಿಯುದ್ದಕ್ಕೂ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೊರಟ ಯಾತ್ರಿಕರ ಸಾಲು. ಹನೂರು ದಾಟಿ ಅಜ್ಜೀಪುರದ ಕಡೆ ತಿರುಗಿದ ಮೇಲೆ ಬೆಟ್ಟಗಳು ಹತ್ತಿರ ಬರುತ್ತವೆ. ರಾಗಿ, ಮುಸುಕಿನ ಜೋಳ, ನೀರಿದ್ದಲ್ಲಿ ಅರಿಸಿನ. ನೀರು ಎಂದರೆ ಇಲ್ಲಿ ಬಹುಮಟ್ಟಿಗೆ ಕೊಳವೆಬಾವಿ, ಕೊಳವೆಬಾವಿ ಎಂದರೆ ಮೋಟರು, ಮೋಟರು ಎಂದರೆ ಕರೆಂಟು. ಆಮೇಲೆ ಬರುವುದು ರಾಮಾಪುರ. ಹೊರಗಿನವರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು 1992ರಲ್ಲಿ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ನಡೆಸಿದ ದಾಳಿ. ಊರಿನವರಿಗೆ ಅದು ಹಳೆಯ ನೋವು. ದಿನದ ಮಾತು ಬೇರೆ: ಮಳೆ ಯಾವಾಗ, ಆನೆ ಎಲ್ಲಿಗೆ ಬಂದಿತ್ತು, ತ್ರೀ ಫೇಸ್ ಎಷ್ಟು ಹೊತ್ತಿಗೆ ಕೊಡುತ್ತಾರೆ.

ಈ ಕೊನೆಯ ಪ್ರಶ್ನೆಯೇ ರಾಮಾಪುರವನ್ನು ವಿಜ್ಞಾನದ ವಿದ್ಯಾರ್ಥಿ ನೋಡಲೇಬೇಕಾದ ಊರನ್ನಾಗಿ ಮಾಡುತ್ತದೆ.

ಊರಾಚೆಯ ತೋಟದ ಮನೆಯೊಂದರಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಅವನಿಗೆ ಕಂಸಾಳೆಯ ನಾದವನ್ನು ಮೈಕಿನಲ್ಲಿ ಹಿಡಿದು, ಹಿಗ್ಗಿಸಿ, ಅದರ ಅಲೆ ಹೇಗಿದೆಯೆಂದು ನೋಡುವ ಆಸೆ. ಮಾದಪ್ಪನ ಸೀಮೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇರೇನಿದೆ? ಹಿಗ್ಗಿಸಲು 741 ಎಂಬ ಎಂಟು ಕಾಲಿನ ಐಸಿ ಸಾಕು. 1968ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ಹೊರತಂದ ಈ ಐಸಿ ಇಂದಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ. ಆದರೆ ಪುಸ್ತಕ ತೆರೆದರೆ ಅದಕ್ಕೆ ಪ್ಲಸ್ 12 ವೋಲ್ಟ್ ಬೇಕು, ಮೈನಸ್ 12 ವೋಲ್ಟೂ ಬೇಕು ಎಂದಿರುತ್ತದೆ. ಪ್ಲಸ್ ಸರಿ, ಇದೇನಿದು ಮೈನಸ್ ವೋಲ್ಟ್?

ಉತ್ತರಕ್ಕೆ ತೋಟಕ್ಕೇ ಹೋಗಬೇಕು. ಅಲ್ಲೊಂದು ಹಳೆಯ ತೆರೆದ ಬಾವಿ, ಪಕ್ಕದಲ್ಲಿ ಎತ್ತರದ ನೀರಿನ ಟ್ಯಾಂಕು. ಟ್ಯಾಂಕಿನ ನೀರು ನೆಲದಿಂದ ಹನ್ನೆರಡು ಅಡಿ ಮೇಲೆ, ಬಾವಿಯ ನೀರು ನೆಲದಿಂದ ಹನ್ನೆರಡು ಅಡಿ ಕೆಳಗೆ. ನೆಲವನ್ನು ಸೊನ್ನೆ ಎಂದುಕೊಂಡರೆ ಒಂದು ಪ್ಲಸ್ 12, ಇನ್ನೊಂದು ಮೈನಸ್ 12. ಬಾವಿಯ ತಳದಲ್ಲಿ ನಿಂತವನಿಗೆ ಎಲ್ಲವೂ ಪ್ಲಸ್ಸೇ. ವೋಲ್ಟೇಜೂ ಹಾಗೆಯೇ. ಮೈನಸ್ ಎನ್ನುವುದು ಬೇರೆ ಜಾತಿಯ ಕರೆಂಟಲ್ಲ. ಎಲ್ಲಿ ನಿಂತು ಅಳೆಯುತ್ತೇವೆ ಎಂಬುದರ ಮಾತು. ಕಂಸಾಳೆಯ ಧ್ವನಿ ಮೈಕಿನಿಂದ ಹೊರಬರುವಾಗ ಸೊನ್ನೆಯ ಮೇಲಕ್ಕೂ ಕೆಳಕ್ಕೂ ಸಮನಾಗಿ ಆಡುತ್ತದೆ. ಬರಿಯ ಪ್ಲಸ್ ಇದ್ದು, ಸೊನ್ನೆಯೇ ತಳವಾಗಿಬಿಟ್ಟರೆ ಅಲೆಯ ಕೆಳಗಿನ ಅರ್ಧಕ್ಕೆ ಆಡಲು ಜಾಗವಿಲ್ಲ, ಕತ್ತರಿಸಿ ಹೋಗುತ್ತದೆ. ಅದಕ್ಕೇ ಸೊನ್ನೆಯನ್ನು ನಡುವಿನಲ್ಲಿ ಇಟ್ಟು, ಮೇಲೊಂದು ಕೆಳಗೊಂದು ವೋಲ್ಟೇಜು ಕೊಡುವ ಪೆಟ್ಟಿಗೆ ಬೇಕಾಗುತ್ತದೆ.

ಈ ಯೋಚನೆ ಹೊಸದಲ್ಲ. ಎಡಿಸನ್ ತನ್ನ ನೇರ ವಿದ್ಯುತ್ತಿನ ಊರುದೀಪಗಳಿಗೆ ಮೂರು ತಂತಿಯ ವ್ಯವಸ್ಥೆಯನ್ನು ತಂದ. ಎರಡು ಜನರೇಟರುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿ, ಕೂಡಿದ ಜಾಗದಿಂದ ನಡುವಿನ ತಂತಿ ಎಳೆದ. ಅಮೆರಿಕದ ಸನ್‌ಬರಿ ಎಂಬ ಸಣ್ಣ ಪಟ್ಟಣದಲ್ಲಿ 1883ರ ಜುಲೈನಲ್ಲಿ ಅದು ಚಾಲನೆಗೆ ಬಂತು. ಎರಡೂ ಕಡೆಯ ದೀಪಗಳು ಸಮವಾಗಿದ್ದರೆ ನಡುವಿನ ತಂತಿಯಲ್ಲಿ ಹರಿಯುವುದೇನೂ ಇಲ್ಲ. ಹೆಚ್ಚುಕಡಮೆಯಾದರೆ ಆ ವ್ಯತ್ಯಾಸ ಮಾತ್ರ ಅದರಲ್ಲಿ ಹರಿಯುತ್ತದೆ. ತಾಮ್ರ ಉಳಿಯಿತು, ಎಡಿಸನ್‌ಗೆ ಹಣ ಉಳಿಯಿತು.

ಹುಡುಗನಿಗೆ ಅತ್ಯಂತ ಸುಲಭದ ದಾರಿ ಎಡಿಸನ್ನನದೇ: 9 ವೋಲ್ಟಿನ ಎರಡು ಬ್ಯಾಟರಿ. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಜೋಡಿಸಿ, ಕೂಡಿದ ಜಾಗವನ್ನು ಸೊನ್ನೆ ಎಂದು ಕರೆದರೆ ಮುಗಿಯಿತು. ಮೇಲಕ್ಕೆ 9, ಕೆಳಕ್ಕೆ 9. 741 ಇದರಲ್ಲಿ ಸುಖವಾಗಿ ನಡೆಯುತ್ತದೆ. ಶಾಕ್ ಹೊಡೆಯುವ ಭಯವಿಲ್ಲ, ಕರೆಂಟು ಹೋದರೆ ಚಿಂತೆಯಿಲ್ಲ. ಮೊದಲ ಪ್ರಯೋಗವನ್ನು ಮಕ್ಕಳು ಹೀಗೆಯೇ ಮಾಡಬೇಕು. ತಂದೆತಾಯಂದಿರು ಇಷ್ಟಕ್ಕಾದರೂ ಧಾರಾಳವಾಗಿ ದುಡ್ಡು ಕೊಡಬೇಕು. ಆದರೆ ಬ್ಯಾಟರಿ ಸವೆಯುತ್ತದೆ. ಎರಡನೆಯ ಜೊತೆ ಬ್ಯಾಟರಿಗೆ ಕೈಚಾಚಿದಾಗ ಮನೆಯಲ್ಲಿ ಗೊಣಗಾಟ ಶುರುವಾಗುತ್ತದೆ. ಆಗ ಹುಡುಗ ಗೋಡೆಯ ಪ್ಲಗ್ಗಿನ ಕಡೆ ನೋಡುತ್ತಾನೆ, ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಾಳೆ: ‘ಕೂಸು, ಕರೆಂಟಿನ ತಾವ್ಕ ಕೈ ಹಾಕ್ಬ್ಯಾಡ ಕನಾ!’

ಅವ್ವನ ಮಾತಿನಲ್ಲಿ ಅರ್ಥವಿದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿ ಆಟದ ವಸ್ತು, ಈಚೆ ಬದಿ 230 ವೋಲ್ಟ್. ಈಚೆ ಬದಿಯ ಬೆಸುಗೆಗಳನ್ನು ಮುಚ್ಚಿ, ಸ್ಲೀವು ಹಾಕಿ, ಅರ್ಧ ಆಂಪಿಯರಿನ ಫ್ಯೂಸು ಇಟ್ಟು, ಡಬ್ಬಿಯೊಳಗೆ ಸೇರಿಸುವವರೆಗೆ ಪ್ಲಗ್ಗು ಹಾಕುವಂತಿಲ್ಲ. ಡಬ್ಬಿ ತಗಡಿನದಾದರೆ ಅದಕ್ಕೆ ಅರ್ತಿಂಗ್ ಕೊಡಲೇಬೇಕು. ಮೊದಲ ಸಲ ಕರೆಂಟು ಕೊಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು, ನಡುವೆ 60 ವ್ಯಾಟಿನ ಹಳೆಯ ನಮೂನೆಯ ಬಲ್ಬು ಸೀರೀಸಿನಲ್ಲಿರಬೇಕು. ಎಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಝಗ್ಗೆಂದು ಉರಿಯುತ್ತದೆ, ಮನೆಯ ಫ್ಯೂಸು ಉಳಿಯುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ.

ಇನ್ನು ಪೆಟ್ಟಿಗೆಯ ಒಳಗು. ನಡುವೆ ಕವಲಿರುವ ಟ್ರಾನ್ಸ್‌ಫಾರ್ಮರಿಗೆ ಅಂಗಡಿಯಲ್ಲಿ ‘ಹನ್ನೆರಡು ಸೊನ್ನೆ ಹನ್ನೆರಡು’ ಎಂದೇ ಕೇಳುತ್ತಾರೆ. ಅದರ ಮೂರು ತಂತಿಗಳಲ್ಲಿ ನಡುವಿನದು ಸೊನ್ನೆ. ಅಕ್ಕಪಕ್ಕದ ಎರಡು ತಂತಿ ನಾಲ್ಕು ಡಯೋಡಿನ ಬ್ರಿಡ್ಜಿಗೆ ಹೋಗುತ್ತವೆ. ಬ್ರಿಡ್ಜಿನ ಪ್ಲಸ್ ತುದಿಗೂ ಸೊನ್ನೆಗೂ ನಡುವೆ ಒಂದು ಕೆಪಾಸಿಟರ್, ಸೊನ್ನೆಗೂ ಮೈನಸ್ ತುದಿಗೂ ನಡುವೆ ಇನ್ನೊಂದು. ಎರಡನೆಯದರಲ್ಲಿ ಕೆಪಾಸಿಟರಿನ ಪ್ಲಸ್ ಕಾಲು ಸೊನ್ನೆಗೆ ಸೇರಬೇಕು. ಇದನ್ನು ತಿರುಗಿಸಿ ಹಾಕಿ ಢಂ ಎನ್ನಿಸಿದ ವಿದ್ಯಾರ್ಥಿಗಳು ಪ್ರತಿ ಲ್ಯಾಬಿನಲ್ಲೂ ಸಿಗುತ್ತಾರೆ. ಆಮೇಲೆ ಪ್ಲಸ್ ಕಡೆಗೆ 7812, ಮೈನಸ್ ಕಡೆಗೆ 7912 ಎಂಬ ಮೂರು ಕಾಲಿನ ರೆಗ್ಯುಲೇಟರು. ಪುಸ್ತಕದ ನಕ್ಷೆ ಇಷ್ಟೇ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕಟ್ಟಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ರಾಮಾಪುರದ ತೋಟದ ಮನೆಯಲ್ಲಿ ಅದು ಕೈಕೊಡುತ್ತದೆ. ಕಾರಣಕ್ಕೆ ಸ್ವಲ್ಪ ಲೆಕ್ಕ ಬೇಕು.

12 ವೋಲ್ಟಿನ ಏರಿಳಿಯುವ ಕರೆಂಟಿನ ತುತ್ತತುದಿ 12ರ 1.414 ಪಟ್ಟು, ಸುಮಾರು 17. ಡಯೋಡು 0.7 ತಿಂದು 16.3 ಉಳಿಯುತ್ತದೆ. 1000 ಮೈಕ್ರೊಫ್ಯಾರಡಿನ ಕೆಪಾಸಿಟರಿನಿಂದ 100 ಮಿಲಿಆಂಪಿಯರ್ ಎಳೆದರೆ ಎರಡು ತುದಿಗಳ ನಡುವೆ ಸುಮಾರು 1 ವೋಲ್ಟ್ ಇಳಿಯುತ್ತದೆ, 15.3 ಆಯಿತು. 7812ಕ್ಕೆ ತಾನು ಕೊಡುವುದಕ್ಕಿಂತ 2 ವೋಲ್ಟಾದರೂ ಹೆಚ್ಚು ಒಳಗೆ ಬರಬೇಕು, ಎಂದರೆ 14. ಪರವಾಗಿಲ್ಲ, ಗೆದ್ದೆವು. ಆದರೆ ಇದೆಲ್ಲ ಗೋಡೆಯಲ್ಲಿ 230 ಇದ್ದಾಗಿನ ಮಾತು.

ಟಿ.ಸಿ.ಯಿಂದ ತೋಟದ ಮನೆಯವರೆಗಿನ ತಂತಿಗೆ 1 ಓಮ್ ರೋಧವಿದೆ ಎಂದುಕೊಳ್ಳಿ. ಸುತ್ತ ಏಳು ಜಮೀನಿನಲ್ಲಿ ಐದು ಎಚ್‌ಪಿಯ ಮೋಟರುಗಳು ಒಮ್ಮೆಗೇ ತಿರುಗಿದರೆ ಒಂದೊಂದು ಫೇಸಿನಲ್ಲೂ ಸ್ಥೂಲವಾಗಿ 50 ಆಂಪಿಯರ್. ಓಮನ ನಿಯಮ ಹತ್ತನೆಯ ತರಗತಿಯದೇ: ದಾರಿಯಲ್ಲಿ 50 ವೋಲ್ಟ್ ಹೋಯಿತು, ಮನೆಗೆ ಬಂದದ್ದು 180. ನಿಯಮದ ಪ್ರಕಾರ ಶೇಕಡಾ 6ಕ್ಕಿಂತ ಹೆಚ್ಚು ಏರುಪೇರು ಇರಬಾರದು, ಎಂದರೆ 216ಕ್ಕಿಂತ ಕೆಳಗೆ ಇಳಿಯಬಾರದು. ತಂತಿಗೆ ನಿಯಮ ಓದಲು ಬರುವುದಿಲ್ಲ. 180ರಲ್ಲಿ ನಮ್ಮ 17 ವೋಲ್ಟು 13.3 ಆಗುತ್ತದೆ, ಡಯೋಡು, ಇಳಿತ ಕಳೆದರೆ 11.6. ರೆಗ್ಯುಲೇಟರು ಸೋತಿತು. ಕಂಸಾಳೆಯ ಬದಲು ಕೇಳುವುದು ಗುಂಯ್ ಎಂಬ ಸದ್ದು. ಹುಡುಗ ಬೆಸುಗೆ ಸರಿಯಿಲ್ಲವೆಂದು ಬಿಚ್ಚುತ್ತಾನೆ, ಐಸಿ ಸುಟ್ಟಿದೆಯೆಂದು ಬದಲಾಯಿಸುತ್ತಾನೆ, ಕೊನೆಗೆ ತನ್ನ ಕೈಯೇ ಸರಿಯಿಲ್ಲವೆಂದು ನಂಬಿಬಿಡುತ್ತಾನೆ. ಹಳ್ಳಿಯ ಮಕ್ಕಳಿಗೆ ಆಗುವ ನಿಜವಾದ ನಷ್ಟ ಇದು, ಐಸಿಯ ಬೆಲೆಯಲ್ಲ. ಮನೆಯ ಮೊಬೈಲ್ ಚಾರ್ಜರು ನೂರು ವೋಲ್ಟಿಗೂ ನಡೆಯುತ್ತದೆ, ಎಲ್‌ಇಡಿ ಬಲ್ಬೂ ಮಂಕಾಗದೆ ಉರಿಯುತ್ತದೆ. ಹಾಗಾಗಿ ವೋಲ್ಟೇಜು ಬಿದ್ದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಹಿಂದಿನ ಕಾಲದ ಬಲ್ಬು ಕೆಂಪಗಾಗಿ ಸತ್ಯ ಹೇಳುತ್ತಿತ್ತು.

ಪರಿಹಾರ ಸುಲಭ. 12-0-12ರ ಬದಲು 15-0-15 ಕೊಳ್ಳಬೇಕು. ಅದರ ತುದಿ 21.2, ಗೋಡೆಯಲ್ಲಿ 180 ಇದ್ದರೂ 16.6, ಎಲ್ಲ ಕಳೆದು 14.9. ರೆಗ್ಯುಲೇಟರಿಗೆ ಸಾಕು. ಆದರೆ ಒಂದನ್ನು ಎತ್ತಿದರೆ ಇನ್ನೊಂದು ಏಳುತ್ತದೆ. ಮೋಟರುಗಳೆಲ್ಲ ನಿಂತ ರಾತ್ರಿಯಲ್ಲಿ ಅದೇ ತಂತಿಯಲ್ಲಿ 250, 260 ಬರಬಹುದು. ಹೊರೆ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರು ಮೈಮೇಲೆ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಎರಡೂ ಕೂಡಿದರೆ ಕೆಪಾಸಿಟರಿನ ಮೇಲೆ 28 ವೋಲ್ಟು ಕಂಡರೂ ಆಶ್ಚರ್ಯವಿಲ್ಲ. 25 ವೋಲ್ಟಿನ ಕೆಪಾಸಿಟರು ಅಗ್ಗವೆಂದು ತಂದರೆ ಅದು ಉಬ್ಬುತ್ತದೆ. 35 ವೋಲ್ಟಿನದೇ ಬೇಕು. ಹೆಚ್ಚಿನ ವೋಲ್ಟೇಜನ್ನು ರೆಗ್ಯುಲೇಟರು ಶಾಖವಾಗಿ ಕಳೆಯುತ್ತದಾದ್ದರಿಂದ ಬೆನ್ನಿಗೊಂದು ಅಲ್ಯುಮಿನಿಯಂ ತಗಡು ಬೇಕು.

ಆ ತಗಡಿನಲ್ಲೇ ಇನ್ನೊಂದು ಹಳ್ಳವಿದೆ. 7812, 7912 ನೋಡಲು ಅವಳಿ ಮಕ್ಕಳು, ಕಾಲುಗಳ ಕ್ರಮ ಮಾತ್ರ ಬೇರೆ. ಬರಹ ನಮ್ಮ ಕಡೆಗಿರುವಂತೆ ಹಿಡಿದರೆ 7812ರಲ್ಲಿ ಎಡದಿಂದ ಒಳಬರುವುದು, ಸೊನ್ನೆ, ಹೊರಹೋಗುವುದು. 7912ರಲ್ಲಿ ಸೊನ್ನೆ, ಒಳಬರುವುದು, ಹೊರಹೋಗುವುದು. ಬೆನ್ನಿನ ಲೋಹ ನಡುವಿನ ಕಾಲಿಗೇ ಸೇರಿಕೊಂಡಿದೆ. ಎಂದರೆ ಒಂದರ ಬೆನ್ನು ಸೊನ್ನೆ, ಇನ್ನೊಂದರ ಬೆನ್ನು ಮೈನಸ್. ಎರಡನ್ನೂ ಒಂದೇ ತಗಡಿಗೆ ಮೊಳೆ ಬಿಗಿದರೆ ಶಾರ್ಟ್. ಎರಡು ಬೇರೆ ತಗಡಿನ ಚೂರು ಹಾಕಿದರೆ ಅಭ್ರಕದ ಹಾಳೆ ಹುಡುಕುವ ತಾಪತ್ರಯವೂ ಇಲ್ಲ. 7912ರ ಹೊರಬಾಯಿಗೆ 1 ಮೈಕ್ರೊಫ್ಯಾರಡಿನದಾದರೂ ಒಂದು ಪುಟ್ಟ ಕೆಪಾಸಿಟರು ಹತ್ತಿರದಲ್ಲೇ ಇರಲಿ. ಇಲ್ಲದಿದ್ದರೆ ಅದಕ್ಕೆ ತಾನಾಗಿಯೇ ಕಂಪಿಸುವ ಚಾಳಿ.

ಇಷ್ಟೆಲ್ಲ ಏಕೆ, ಒಂದೇ 24 ವೋಲ್ಟಿನ ಅಡಾಪ್ಟರು ತಂದು ಎರಡು ಸಮನಾದ ರೋಧಕ ಹಾಕಿ ನಡುವನ್ನು ಸೊನ್ನೆ ಎಂದರಾಯಿತಲ್ಲ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಹೊರೆ ಇಲ್ಲದಾಗ ಸರಿಯೇ: ಎರಡು ಸಾವಿರ-ಓಮಿನ ರೋಧಕಗಳ ನಡುವೆ 12, 12. ಆದರೆ ಮೇಲಿನದಕ್ಕೆ ಇನ್ನೊಂದು ಸಾವಿರ ಓಮಿನ ಹೊರೆ ಪಕ್ಕದಲ್ಲಿ ಬಿದ್ದರೆ ಅಲ್ಲಿ 500 ಓಮ್ ಆಗಿ, ಮೇಲೆ 8, ಕೆಳಗೆ 16 ವೋಲ್ಟ್. ಸೊನ್ನೆ ಜಾರಿತು. ಟ್ರಾನ್ಸ್‌ಫಾರ್ಮರಿನ ನಡುವಿನಿಂದ ಬಂದ ದಪ್ಪ ತಂತಿ ಹೀಗೆ ಜಾರುವುದಿಲ್ಲ; ವ್ಯತ್ಯಾಸದ ಕರೆಂಟನ್ನು ಅದು ಹೊತ್ತು ಹಿಂದಕ್ಕೆ ಒಯ್ಯುತ್ತದೆ.

ಈ ಲೆಕ್ಕ ಬರೆದ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಟಿ.ಸಿ. ಕಂಬದ ಕಡೆ ನಡೆಯಬೇಕು. ದೂರದಲ್ಲಿ ನಿಂತು ನೋಡಿದರೆ ಸಾಕು. ಮೇಲೆ 11 ಸಾವಿರ ವೋಲ್ಟಿನ ಮೂರು ತಂತಿ ಬರುತ್ತವೆ. ಕೆಳಗಿನಿಂದ ಹೊರಡುವುದು ನಾಲ್ಕು. ಹೆಚ್ಚಾದ ಆ ನಾಲ್ಕನೆಯದು ಎಲ್ಲಿಂದ ಬಂತು? ಟಿ.ಸಿ.ಯ ಒಳಗೆ ಮೂರು ಸುರುಳಿಗಳ ಒಂದೊಂದು ತುದಿಯನ್ನು ಸೇರಿಸಿದ ನಡುವಿನ ಬಿಂದುವಿನಿಂದ. ಲೈನ್‌ಮನ್ ಅದನ್ನು ನ್ಯೂಟ್ರಲ್ ಎನ್ನುತ್ತಾನೆ. ಉಪ್ಪು, ಇದ್ದಿಲು ತುಂಬಿದ ಗುಂಡಿಯೊಳಗೆ ಭೂಮಿಗೂ ಅದನ್ನು ಕಟ್ಟಿರುತ್ತಾರೆ. ಯಾವುದೇ ಎರಡು ಫೇಸಿನ ನಡುವೆ ಅಳೆದರೆ 400 ವೋಲ್ಟ್, ಫೇಸಿನಿಂದ ನ್ಯೂಟ್ರಲಿಗೆ 230. ಇಡೀ ಊರೇ ಒಂದು ದೊಡ್ಡ ಕವಲು-ವೋಲ್ಟೇಜಿನ ಪೆಟ್ಟಿಗೆ; ಕವಲು ಮಾತ್ರ ಎರಡಲ್ಲ, ಮೂರು.

ಗಾಳಿಮಳೆಗೆ ಕೊಂಬೆ ಬಿದ್ದು ಈ ನ್ಯೂಟ್ರಲ್ ಒಂದೇ ತುಂಡಾಯಿತು ಎನ್ನಿ. ಕರೆಂಟು ಹೋಗುವುದಿಲ್ಲ. ಹೋಗಿದ್ದರೆ ಒಳ್ಳೆಯದಿತ್ತು. ಒಂದು ಫೇಸಿನ ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದು ಫೇಸಿನ ಮನೆಯಲ್ಲಿ 100 ವ್ಯಾಟಿನ ಬಲ್ಬು ಇದೆ. ಈಗ ಅವೆರಡೂ 400 ವೋಲ್ಟಿಗೆ ಒಂದರ ಹಿಂದೊಂದು ಸೇರಿಕೊಂಡವು. ಇಸ್ತ್ರಿಯ ರೋಧ ಸುಮಾರು 53 ಓಮ್, ಬಲ್ಬಿನದು 529. ಪಾಲು ಮಾಡಿದರೆ ಇಸ್ತ್ರಿಗೆ 36 ವೋಲ್ಟ್, ಬಲ್ಬಿಗೆ 364! ಕಡಮೆ ಕರೆಂಟು ಬಳಸಿದ ಬಡಮನೆಯ ಬಲ್ಬೇ ಒಡೆಯುತ್ತದೆ, ಟಿ.ವಿ.ಯೇ ಸುಡುತ್ತದೆ. ಒಂದೇ ಬೀದಿಯಲ್ಲಿ ಕೆಲವು ಮನೆಯ ದೀಪ ಮಂಕಾಗಿ, ಕೆಲವು ಕಣ್ಣು ಕುಕ್ಕುವಂತೆ ಉರಿದರೆ ಕಾರಣ ಹುಡುಕುತ್ತ ಕೂರಬಾರದು. ಮೇನ್ ಸ್ವಿಚ್ ಆರಿಸಿ ಲೈನ್‌ಮನ್‌ಗೆ ಹೇಳಿಕಳಿಸಬೇಕು. ಕರೆಂಟು ಹಂಚುವ ಸಂಸ್ಥೆಯ ಹೆಸರು ಬದಲಾಗಿ ಎಷ್ಟೋ ಕಾಲವಾಯಿತು. ಹಳ್ಳಿಗಳಲ್ಲಿ ಇಂದಿಗೂ ‘ಕೆಇಬಿಯವರಿಗೆ ಹೇಳಿ’ ಎಂದೇ ಅನ್ನುತ್ತಾರೆ, ಹಾಗೆ ಹೇಳಿದರೂ ಸಾಕು. ಮಗನ ಪೆಟ್ಟಿಗೆಯಲ್ಲಿ 8 ಮತ್ತು 16 ಆದದ್ದೂ ಬೀದಿಯಲ್ಲಿ 36 ಮತ್ತು 364 ಆದದ್ದೂ ಒಂದೇ ಲೆಕ್ಕ. ಗೊತ್ತಿರುವ ಮಗುವೊಂದು ಮನೆಯಲ್ಲಿದ್ದರೆ ಅವ್ವನ ಟಿ.ವಿ. ಉಳಿದೀತು.

ಅಂದಹಾಗೆ, ಈ ಕರೆಂಟು ಶಿವನಸಮುದ್ರದ್ದೇ ಎಂದು ಯಾರೂ ಹೇಳಲಾರರು. ನೂರಾರು ಕೇಂದ್ರಗಳ ಕರೆಂಟು ಇಂದು ಒಂದೇ ಜಾಲದಲ್ಲಿ ಬೆರೆತುಹೋಗಿದೆ. ಅಲ್ಲಿನ 42 ಮೆಗಾವ್ಯಾಟ್ ಈಗ ದೊಡ್ಡ ಹೊಳೆಗೆ ಸೇರಿದ ಸಣ್ಣ ತೊರೆಯಷ್ಟೆ.

ಪೆಟ್ಟಿಗೆ ಮುಗಿದ ದಿನ ಅಳತೆ ಮೂರು ಸಲ ಆಗಬೇಕು. ಮೀಟರಿನ ಕಪ್ಪು ಕಡ್ಡಿ ಸೊನ್ನೆಯ ಮೇಲೆಯೇ ಇರಲಿ. ಕೆಂಪು ಕಡ್ಡಿಯನ್ನು ಪ್ಲಸ್ಸಿಗೂ ಮೈನಸ್ಸಿಗೂ ಇಟ್ಟು ಬರೆದುಕೊಳ್ಳಬೇಕು. ಮುಳ್ಳಿನ ಮೀಟರಾದರೆ ಮೈನಸ್ಸಿಗೆ ಮುಳ್ಳು ಹಿಂದಕ್ಕೆ ಒದೆಯುತ್ತದೆ, ಆಗ ಕಡ್ಡಿ ಅದಲುಬದಲು. ಮೊದಲ ಅಳತೆ ಬೆಳಿಗ್ಗೆ. ಎರಡನೆಯದು ಸುತ್ತಣ ಜಮೀನುಗಳಲ್ಲಿ ಮೋಟರುಗಳೆಲ್ಲ ತಿರುಗುತ್ತಿರುವಾಗ, ಕೆಪಾಸಿಟರಿನ ಮೇಲೂ ಒಮ್ಮೆ. ಮೂರನೆಯದು ರಾತ್ರಿ, ಕೊನೆಯ ಮೋಟರು ನಿಂತು ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಇಳಿದ ಮೇಲೆ. ಕೆಪಾಸಿಟರಿನ ಅಂಕಿ ಮೂರು ಸಲಕ್ಕೂ ಬೇರೆ ಬೇರೆ ಬರುತ್ತದೆ. ಹೊರಬಾಯಿಯಲ್ಲಿ ಮಾತ್ರ ಮೂರು ಸಲವೂ ಮೇಲೆ 12, ಕೆಳಗೆ 12 ಕಂಡರೆ ಕಂಸಾಳೆಯವರನ್ನು ಮನೆಗೆ ಕರೆಯಬಹುದು.